ಗೆರೆ ಕೂಡಿದೆ, ಗಾಡಿ ಯಾಕೆ ಸ್ಟಾರ್ಟ್ ಆಗುತ್ತಿಲ್ಲ?

ಓದುಗರ ಪ್ರಶ್ನೆ, ಮೆಕ್ಯಾನಿಕ್ ಉತ್ತರ

ಪುಣೆಯಲ್ಲಿ ಮಳೆ ಹಿಡಿದರೆ ಗಾಡಿಗಳು ಮೂಲೆ ಸೇರುತ್ತವೆ. ರಜೆಯ ದಿನ ಎಂಜಿನ್ ಬಿಚ್ಚಿ ನೋಡುವ ಮನಸ್ಸಾಗುತ್ತದೆ. ಅದಕ್ಕೇ ಇರಬೇಕು, ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ಯಾಮ್ ಟೈಮಿಂಗ್ ಬಗ್ಗೆಯೇ ಇವೆ. ಕ್ಯಾಮ್ ಅಂದರೆ ತನ್ನ ಉಬ್ಬುಗಳಿಂದ ವಾಲ್ವ್‌ಗಳನ್ನು ತೆರೆಯುವ ಶಾಫ್ಟ್, ಅದನ್ನು ಪಿಸ್ಟನ್ ಓಟಕ್ಕೆ ಹೊಂದಿಸುವುದೇ ಕ್ಯಾಮ್ ಟೈಮಿಂಗ್. ಮೊದಲನೆಯದಕ್ಕೆ ಜಾಸ್ತಿ ಜಾಗ ಕೊಡುತ್ತೇನೆ. ಆ ಹುಡುಗ ಮಾಡಿದ ತಪ್ಪನ್ನು ನನ್ನ ಗ್ಯಾರೇಜಿನಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ನೋಡುತ್ತೇನೆ.

ಪ್ರಶ್ನೆ: ಅಣ್ಣಾ, ನಮಸ್ಕಾರ. ನಮ್ಮದು ಬಾಗಲಕೋಟೆ ಕಡೆ. ಅಪ್ಪ ಪಿಂಪರಿಗೆ ಕೆಲಸಕ್ಕೆ ಬಂದ ಮೇಲೆ ಕೊಂಡ ಮೊದಲ ಗಾಡಿ 1999ರ ಸ್ಪ್ಲೆಂಡರ್. ಹೊಗೆ ಬಿಡುತ್ತಿತ್ತು. ನಾನೇ ಎಂಜಿನ್ ಇಳಿಸಿದೆ. ನಾನಾ ಪೇಠೆಯಿಂದ ಪಿಸ್ಟನ್, ರಿಂಗ್, ಟೈಮಿಂಗ್ ಚೈನ್ ತಂದು, ಬ್ಲಾಕ್ ಬೋರ್ ಮಾಡಿಸಿ ಮತ್ತೆ ಕೂಡಿಸಿದೆ. ಮ್ಯಾಗ್ನೆಟ್ (ಪಿಸ್ಟನ್‌ನಿಂದ ತಿರುಗುವ ಕ್ರ್ಯಾಂಕ್ ಶಾಫ್ಟ್‌ನ ತುದಿಯ ಚಕ್ರ) ಮೇಲಿನ ಗೆರೆಯನ್ನು ಕೇಸಿನ ಗುರುತಿಗೆ ತಂದು ನಿಲ್ಲಿಸಿದೆ. ಆದರೆ ಮೇಲೆ ಟೈಮಿಂಗ್ ಗೇರ್‌ನ ಸೊನ್ನೆ ಗುರುತು ಹೆಡ್‌ನ ಕಚ್ಚಿಗೆ ಸರಿಯಾಗಿ ಬರುವುದೇ ಇಲ್ಲ. ಒಂದು ಹಲ್ಲು ಈ ಕಡೆ ಹಾಕಿದರೆ ಅರ್ಧ ಹಲ್ಲು ಮುಂದೆ ನಿಲ್ಲುತ್ತದೆ, ಆ ಕಡೆ ಹಾಕಿದರೆ ಅರ್ಧ ಹಲ್ಲು ಹಿಂದೆ. ಯಾವುದು ಹತ್ತಿರ ಅನಿಸಿತೋ ಅದನ್ನೇ ಹಾಕಿ ಮುಚ್ಚಿದೆ. ಈಗ ಕಿಕ್ ಹೊಡೆದರೆ ಕಾರ್ಬ್ಯುರೇಟರ್‌ನಲ್ಲಿ ಪಟ್ ಪಟ್ ಅನ್ನುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಹೊಸ ಚೈನಿನ ಉದ್ದ ತಪ್ಪಿದೆಯಾ? ಇನ್ನೊಂದು ಮಾತು. ಕೂಡಿಸುವಾಗ ಪಿಸ್ಟನ್ ಕಂಪ್ರೆಷನ್ ಟಾಪ್‌ನಲ್ಲಿ ಇರಬೇಕೋ, ಎಕ್ಸಾಸ್ಟ್ ಟಾಪ್‌ನಲ್ಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
ಓದುಗರೊಬ್ಬರು, ಚಿಂಚ್ವಡ

ಉತ್ತರ: ತಮ್ಮಾ, ಮೊದಲು ಒಂದು ಕೆಲಸ. ಇನ್ನು ಒಂದು ಕಿಕ್ ಕೂಡ ಹೊಡೆಯಬೇಡ. ಪ್ಲಗ್ ಬಿಚ್ಚಿ ಇಡು, ಆಮೇಲೆ ಉಳಿದದ್ದನ್ನು ಓದು.

ಚೈನ್ ತಪ್ಪಿಲ್ಲ. ಅದರ ಉದ್ದ ತಪ್ಪಿದ್ದರೆ ಗೇರ್ ಮೇಲೆ ಕೂರುತ್ತಲೇ ಇರಲಿಲ್ಲ, ಇಲ್ಲವೇ ಚೈನ್ ಬಿಗಿ ಹಿಡಿಯುವ ಟೆನ್ಷನರ್‌ಗೂ ಸಿಗದ ಹಾಗೆ ಜೋತು ಬೀಳುತ್ತಿತ್ತು. ನೀನು ಬರೆದ ‘ಅರ್ಧ ಹಲ್ಲು’ ಅನ್ನುವ ಮಾತಲ್ಲೇ ಉತ್ತರ ಇದೆ. ನಿನ್ನ ಮ್ಯಾಗ್ನೆಟ್ ಮೇಲೆ ಗೆರೆ ಒಂದಲ್ಲ, ಎರಡಿವೆ. ಒಂದರ ಪಕ್ಕ ‘ಟಿ’ ಅಕ್ಷರ, ಇನ್ನೊಂದರ ಪಕ್ಕ ‘ಎಫ್’. ಟಿ ಅಂದರೆ ಟಾಪ್, ಪಿಸ್ಟನ್ ಪೂರ್ತಿ ಮೇಲೆ ಬಂದ ಜಾಗ. ಎಫ್ ಅಂದರೆ ಫೈರ್, ಪ್ಲಗ್‌ನಲ್ಲಿ ಕಿಡಿ ಹಾರುವ ಜಾಗ. ಕಿಡಿ ಟಾಪ್‌ಗಿಂತ ಮೊದಲೇ ಹಾರಬೇಕು, ಯಾಕೆಂದರೆ ಪೆಟ್ರೋಲ್ ಹೊತ್ತಿ ಒತ್ತಡ ಏರಲು ಸಮಯ ಬೇಕು. ಇಂಥ ಚಿಕ್ಕ ಎಂಜಿನ್‌ಗಳಲ್ಲಿ ಸ್ಲೋ ಓಡುವಾಗ ಈ ಅಂತರ ಸುಮಾರು 15 ಡಿಗ್ರಿ. ಎಂಜಿನ್ ತಿರುಗುವ ದಿಕ್ಕಿನಲ್ಲಿ ಮೊದಲು ಎಫ್ ಬರುತ್ತದೆ, ಹಿಂದೆಯೇ ಟಿ. ನೀನು ಮೊದಲು ಕಂಡ ಗೆರೆಗೇ ನಿಲ್ಲಿಸಿದ್ದೀಯ.

ಲೆಕ್ಕ ನೋಡು. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ಅದಕ್ಕೇ ಮೇಲಿನ ಗೇರ್‌ಗೆ ಕೆಳಗಿನದರ ಎರಡರಷ್ಟು ಹಲ್ಲು ಇರುತ್ತವೆ. ಮೇಲಿನದಕ್ಕೆ 32 ಹಲ್ಲು ಅಂತ ಇಟ್ಟುಕೋ. ಒಂದು ಹಲ್ಲು ತಪ್ಪಿದರೆ ಕ್ಯಾಮ್ 11.25 ಡಿಗ್ರಿ ತಪ್ಪುತ್ತದೆ, ಕ್ರ್ಯಾಂಕ್ ಲೆಕ್ಕದಲ್ಲಿ 22.5 ಡಿಗ್ರಿ. ನಿನ್ನ ಗೇರ್‌ನ ಹಲ್ಲು ಎಣಿಸು, 720ನ್ನು ಆ ಸಂಖ್ಯೆಯಿಂದ ಭಾಗಿಸು, ನಿನ್ನ ಲೆಕ್ಕ ಸಿಗುತ್ತದೆ. ಎಫ್ ಮತ್ತು ಟಿ ನಡುವಿನ 15 ಡಿಗ್ರಿ ಅಂದರೆ ಅರ್ಧ ಹಲ್ಲು ಮತ್ತು ಇನ್ನೂ ಸ್ವಲ್ಪ. ಹಾಗಾಗಿ ಎಫ್‌ನಲ್ಲಿ ನಿಲ್ಲಿಸಿದವರಿಗೆ ಮೇಲಿನ ಗುರುತು ಯಾವತ್ತೂ ಕೂರುವುದಿಲ್ಲ. ಅರ್ಧ ಮುಂದೆ, ಇಲ್ಲಾಂದ್ರೆ ಅರ್ಧ ಹಿಂದೆ.

ಆ ಎರಡರಲ್ಲಿ ನೀನು ಗುರುತು ಕಚ್ಚನ್ನು ದಾಟಿ ನಿಂತದ್ದನ್ನು ಆರಿಸಿಕೊಂಡಿರಬೇಕು, ಅದೇ ಕಣ್ಣಿಗೆ ಹತ್ತಿರ ಕಾಣುತ್ತದೆ. ಕ್ರ್ಯಾಂಕ್ ಟಿಗೆ ಬರುವ ಹೊತ್ತಿಗೆ ಅದು ಪೂರ್ತಿ ಒಂದು ಹಲ್ಲು ಮುಂದೆ ಹೋಗಿರುತ್ತದೆ. ಆಗ ಏನಾಗುತ್ತದೆ? ಪಿಸ್ಟನ್ ಇನ್ನೂ ಸುಟ್ಟ ಗಾಳಿಯನ್ನು ಹೊರಗೆ ತಳ್ಳುತ್ತಿರುವಾಗಲೇ ಇನ್ಲೆಟ್ ವಾಲ್ವ್ ಬಾಯಿ ತೆರೆಯುತ್ತದೆ. ಸೈಲೆನ್ಸರ್‌ಗೆ ಹೋಗಬೇಕಾದದ್ದರಲ್ಲಿ ಒಂದಿಷ್ಟು ಕಾರ್ಬ್ಯುರೇಟರ್ ಕಡೆ ನುಗ್ಗುತ್ತದೆ. ನೀನು ಕೇಳಿದ ಪಟ್ ಪಟ್ ಅದೇ. ಇದೇ ತಪ್ಪು ಹಿಂದಿನ ಕಡೆಗೆ ಆಗಿದ್ದರೆ ಲಕ್ಷಣ ಬೇರೆ. ಇನ್ಲೆಟ್ ತಡವಾಗಿ ಮುಚ್ಚುತ್ತದೆ, ಎಳೆದುಕೊಂಡ ಗಾಳಿ ವಾಪಸ್ ಹೋಗುತ್ತದೆ, ಕಿಕ್ ಕಾಲಿಗೆ ಹಗುರ ಅನಿಸುತ್ತದೆ.

ಈಗ ನಿನ್ನ ಎರಡನೇ ಪ್ರಶ್ನೆ. ಕಂಪ್ರೆಷನ್ ಟಾಪಾ, ಎಕ್ಸಾಸ್ಟ್ ಟಾಪಾ? ಪಿಸ್ಟನ್ ಎರಡು ಸಲ ಮೇಲೆ ಬರುತ್ತದೆ, ಒಮ್ಮೆ ಎಳೆದುಕೊಂಡ ಗಾಳಿಯನ್ನು ಒತ್ತಲು (ಕಂಪ್ರೆಷನ್), ಇನ್ನೊಮ್ಮೆ ಸುಟ್ಟದ್ದನ್ನು ಹೊರಗೆ ತಳ್ಳಲು (ಎಕ್ಸಾಸ್ಟ್). ಒಳ್ಳೆಯ ಪ್ರಶ್ನೆ, ಬಹಳ ಜನ ಇಲ್ಲಿ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ. ಕ್ಯಾಮ್ ಹಾಕುವ ಮುಂಚೆ ಕ್ರ್ಯಾಂಕ್‌ಗೆ ಕಂಪ್ರೆಷನ್ ಯಾವುದು, ಎಕ್ಸಾಸ್ಟ್ ಯಾವುದು ಅಂತ ಗೊತ್ತೇ ಇರುವುದಿಲ್ಲ. ಪಿಸ್ಟನ್ ಮೇಲೆ ಬಂದಿದೆ, ಅಷ್ಟೇ. ಸ್ಟ್ರೋಕ್ ಯಾವುದು ಅಂತ ತೀರ್ಮಾನ ಮಾಡುವುದು ಕ್ಯಾಮ್. ನೀನು ಕ್ಯಾಮ್‌ನ ಉಬ್ಬು ವಾಲ್ವ್ ಒತ್ತುವ ರಾಕರ್‌ನಿಂದ ದೂರ, ಪಿಸ್ಟನ್ ಕಡೆ ಮುಖ ಮಾಡಿ ಕೂರಿಸಿದೆ ಅಂದರೆ ಆ ಕ್ಷಣದಿಂದ ಅದು ಕಂಪ್ರೆಷನ್ ಟಾಪ್. ಇಂಥ ಗಾಡಿಗಳಲ್ಲಿ ಕಿಡಿ ಕೊಡುವ ಗುರುತು ಮ್ಯಾಗ್ನೆಟ್ ಮೇಲೇ ಇರುವುದರಿಂದ ಪ್ರತಿ ಸುತ್ತಿಗೂ ಕಿಡಿ ಹಾರುತ್ತದೆ, ಎಕ್ಸಾಸ್ಟ್ ಕೊನೆಗೆ ಹಾರುವ ಕಿಡಿ ದಂಡವಾಗುತ್ತದೆ. ಆದ್ದರಿಂದ ಕ್ಯಾಮ್ ಬಿಚ್ಚಿದ್ದಾಗ ಯಾವ ಟಿ ಆದರೂ ಸರಿ. ಕ್ಯಾಮ್ ಕೂತಿದ್ದು ಬರೀ ಟ್ಯಾಪೆಟ್ (ವಾಲ್ವ್ ಮೇಲೆ ಕೂರುವ ರಾಕರ್ ತುದಿಯ ಸ್ಕ್ರೂ) ಸೆಟ್ ಮಾಡುವಾಗ ಮಾತ್ರ ಕಂಪ್ರೆಷನ್ ಟಾಪೇ ಬೇಕು.

ಮತ್ತೆ ಕೂಡಿಸುವಾಗ ಹೀಗೆ ಮಾಡು. ಎಡಗಡೆ ಕವರ್‌ನಲ್ಲಿ ಎರಡು ಮುಚ್ಚಳ ಇವೆ. ಮಧ್ಯದ ದೊಡ್ಡದನ್ನು ತೆಗೆದರೆ ಮ್ಯಾಗ್ನೆಟ್ ನಟ್ ಸಿಗುತ್ತದೆ, ಚಿಕ್ಕದನ್ನು ತೆಗೆದರೆ ಗೆರೆ ನೋಡುವ ತೂತು. ಪ್ಲಗ್ ಬಿಚ್ಚೇ ಇರಲಿ. ಸಾಕೆಟ್ ಹಾಕಿ ಗಡಿಯಾರದ ಮುಳ್ಳಿಗೆ ಉಲ್ಟಾ ತಿರುಗಿಸು, ಎಂಜಿನ್ ತಿರುಗುವ ದಿಕ್ಕು ಅದೇ. ಪ್ಲಗ್ ಇದ್ದರೆ ಕಂಪ್ರೆಷನ್ ತಡೆಗೆ ಆ ನಟ್ಟೇ ಸಡಿಲಾಗಬಹುದು. ಚೈನನ್ನು ಇನ್ನೊಂದು ಕೈಯಲ್ಲಿ ಮೇಲಕ್ಕೆ ಎಳೆದು ಹಿಡಿದಿರು, ಇಲ್ಲಾಂದ್ರೆ ಕೆಳಗೆ ಚಿಕ್ಕ ಗೇರ್‌ನಲ್ಲಿ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತದೆ.

ತೂತಿಗೆ ಟಾರ್ಚ್ ಬೆಳಕು ಬಿಡು. ಒಂದು ಕಣ್ಣು ಮುಚ್ಚು. ಮುಖವನ್ನು ತೂತಿನ ನೇರಕ್ಕೆ ತಾ. ಓರೆಯಾಗಿ ನೋಡಿದರೆ ಗೆರೆ ಎರಡು ಮೂರು ಡಿಗ್ರಿ ಸುಳ್ಳು ಹೇಳುತ್ತದೆ. ಮೊದಲು ಎಫ್ ಹಾದುಹೋಗುತ್ತದೆ, ಬಿಡು. ಟಿ ಬರುತ್ತದೆ, ಅಲ್ಲಿ ನಿಲ್ಲಿಸು. ಹಳೆಯ ಮ್ಯಾಗ್ನೆಟ್‌ಗಳಲ್ಲಿ ಎಣ್ಣೆ, ತುಕ್ಕು ಸೇರಿ ಅಕ್ಷರ ಅಳಿಸಿದಂತೆ ಇರುತ್ತದೆ. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ಒರೆಸು, ಗೆರೆಯ ಮೇಲೆ ಬಿಳಿ ಚಾಕ್ ತಿಕ್ಕು. ಬಿಳಿ ಪುಡಿ ಗೆರೆಯೊಳಗೆ ಕೂತು ಟಿ ಎದ್ದು ಕಾಣುತ್ತದೆ.

ಪಿಸ್ಟನ್ ಮೇಲೆ ಕಡ್ಡಿ ಇಟ್ಟು ಟಾಪ್ ಹುಡುಕುತ್ತೇನೆ ಅನ್ನುವವರೂ ಇದ್ದಾರೆ. ಅದು ಅಂದಾಜಿಗೆ ಸರಿ, ಸೆಟ್ಟಿಂಗ್‌ಗೆ ಸಾಲದು. ನಿನ್ನ ಗಾಡಿಯ ಸ್ಟ್ರೋಕ್ 49.5 ಮಿಲಿಮೀಟರ್. ಟಾಪ್‌ನಿಂದ 10 ಡಿಗ್ರಿ ಆಚೆ ಹೋದರೂ ಪಿಸ್ಟನ್ ಇಳಿಯುವುದು ಸುಮಾರು ಅರ್ಧ ಮಿಲಿಮೀಟರ್ ಅಷ್ಟೇ. ಕಡ್ಡಿ ಹಿಡಿದ ಕೈಗೆ ಅದು ಗೊತ್ತೇ ಆಗುವುದಿಲ್ಲ.

ಟಿ ನಿಂತ ಮೇಲೆ ಮೇಲಿನ ಗೇರ್‌ನ ಸೊನ್ನೆ ಗುರುತನ್ನು ಹೆಡ್‌ನ ಕಚ್ಚಿಗೆ ಎದುರಾಗಿ ಹಿಡಿದು ಚೈನ್ ಹಾಕು. ಟೆನ್ಷನರ್ ಇಲ್ಲದ ಕಡೆಯ ಚೈನ್ ಬಿಗಿಯಾಗಿರಲಿ, ಸಡಿಲೆಲ್ಲ ಟೆನ್ಷನರ್ ಕಡೆಗೇ ಸೇರಲಿ. ಸಡಿಲು ಇನ್ನೊಂದು ಕಡೆ ಉಳಿದರೆ ಈಗ ಗುರುತು ಕೂಡಿದಂತೆ ಕಾಣುತ್ತದೆ, ತಿರುಗಿಸಿದ ಕೂಡಲೇ ತಪ್ಪುತ್ತದೆ. ಬೋಲ್ಟ್ ಬಿಗಿ ಮಾಡು. ಆಮೇಲೆ ಟೆನ್ಷನರ್‌ನ ಸ್ಪ್ರಿಂಗ್, ಬೋಲ್ಟ್ ಹಾಕು. ಇಷ್ಟೂ ಆಗುವವರೆಗೆ ಕ್ರ್ಯಾಂಕ್ ಮುಟ್ಟಬೇಡ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. 1993ರಲ್ಲಿ ನಾನು ಗದಗಿನಿಂದ ಬಂದು ಭೋಸರಿಯಲ್ಲಿ ಕೆಲಸ ಕಲಿಯುತ್ತಿದ್ದೆ. ವಿಜಯಪುರ ಕಡೆಯ ಒಬ್ಬರು ಸಿಡಿ 100 ಬೈಕ್‌ನಲ್ಲಿ ಮನೆಮನೆಗೆ ಹಾಲು ಹಾಕುತ್ತಿದ್ದರು. ಅವರ ಎಂಜಿನ್ ನಾನೇ ಕೂಡಿಸಿದೆ. ಟಿ ಸರಿ ಇತ್ತು, ಸೊನ್ನೆ ಸರಿ ಇತ್ತು. ಟೆನ್ಷನರ್‌ನ ಸ್ಪ್ರಿಂಗ್ ಮತ್ತು ಬೋಲ್ಟ್ ಮಾತ್ರ ತಟ್ಟೆಯಲ್ಲೇ ಉಳಿದಿತ್ತು. ನೋಡದೆ ಕಿಕ್ ಹೊಡೆದೆ. ಕಿಕ್ ಅರ್ಧಕ್ಕೆ ‘ಟಕ್’ ಅಂತ ನಿಂತಿತು. ಚೈನ್ ಹಲ್ಲು ಹಾರಿ ಎಕ್ಸಾಸ್ಟ್ ವಾಲ್ವ್‌ಗೆ ಪಿಸ್ಟನ್ ತಾಗಿತ್ತು. ನನ್ನ ಉಸ್ತಾದ್ ಬೈಯಲಿಲ್ಲ. ಹೆಡ್ ಬಿಚ್ಚಿ, ಆ ವಾಲ್ವ್ ತೆಗೆದು, ಮೇಜಿನ ಗಾಜಿನ ಮೇಲೆ ಇಟ್ಟು ಬೆರಳಲ್ಲಿ ಉರುಳಿಸಿದರು. ಕಡ್ಡಿ ನೇರ ಉರುಳುತ್ತಿತ್ತು, ತಲೆ ಮಾತ್ರ ಮೇಲೆ ಕೆಳಗೆ ಅಲುಗಾಡುತ್ತಾ ಹೋಯಿತು. ಎಷ್ಟು ಬಗ್ಗಿದೆ ಅಂತ ಕಣ್ಣಿಗೆ ಕಾಣಿಸಿದ್ದು ಆಗಲೇ. ಹೊಸ ವಾಲ್ವ್ ಬಂದು ಗ್ರೈಂಡ್ ಮಾಡುವವರೆಗೆ ಎರಡು ದಿನ ಹಿಡಿಯಿತು. ಆ ಎರಡು ದಿನ ಬೆಳಗಿನ ನಾಲ್ಕಕ್ಕೆ ಎದ್ದು ಅವರ ಜೊತೆ ನಾನೂ ಸೈಕಲ್ ಮೇಲೆ ಹಾಲು ಹಾಕಿದೆ. ಆ ವಾಲ್ವ್ ಇವತ್ತಿಗೂ ನನ್ನ ಡ್ರಾಯರ್‌ನಲ್ಲಿದೆ. ಹೊಸ ಹುಡುಗರು ಕೆಲಸಕ್ಕೆ ಸೇರಿದ ದಿನ ಅದನ್ನೇ ಕೈಗೆ ಕೊಟ್ಟು ಉರುಳಿಸು ಅನ್ನುತ್ತೇನೆ.

ಈಗ ಮುಖ್ಯವಾದದ್ದು. ಗುರುತು ಕೂಡಿತು ಅಂತ ಕಿಕ್‌ಗೆ ಕಾಲು ಇಡಬೇಡ. ಸಾಕೆಟ್ ಹಿಡಿದು ಕೈಯಲ್ಲಿ ಎರಡು ಪೂರ್ತಿ ಸುತ್ತು ತಿರುಗಿಸು. ನಿಧಾನಕ್ಕೆ, ಒಂದೇ ದಿಕ್ಕಿನಲ್ಲಿ. ಎರಡೇ ಯಾಕೆ? ಕ್ಯಾಮ್ ಒಂದು ಸುತ್ತು ಮುಗಿಸಬೇಕಲ್ವಾ. ಆ ಹೊತ್ತಿನಲ್ಲಿ ಕೈಗೆ ತಡೆ ಸಿಗುತ್ತದೆ. ವಾಲ್ವ್ ಸ್ಪ್ರಿಂಗ್‌ನ ತಡೆ ಮೆತ್ತಗಿರುತ್ತದೆ. ಒತ್ತಿದರೆ ಬಗ್ಗುತ್ತದೆ, ದಾಟಿದ ಮೇಲೆ ತಾನೇ ಮುಂದೆ ತಳ್ಳುತ್ತದೆ. ಕಬ್ಬಿಣಕ್ಕೆ ಕಬ್ಬಿಣ ತಾಗಿದ ತಡೆ ಗೋಡೆಗೆ ತಾಗಿದ ಹಾಗೆ, ಅಲ್ಲಿಗೇ ನಿಲ್ಲುತ್ತದೆ. ಅಂಥದ್ದು ಸಿಕ್ಕರೆ ಜೋರು ಮಾಡಬೇಡ, ಹಿಂದಕ್ಕೆ ತಿರುಗಿಸಿ ಬಿಚ್ಚು. ಸಿಗದಿದ್ದರೆ ಮತ್ತೆ ಟಿಗೆ ತಂದು ಮೇಲಿನ ಗುರುತು ನೋಡು. ಈಗಲೂ ಕೂಡಿದ್ದರೆ ಚೈನ್ ಕೂತಿದೆ.

ಅದಾದ ಮೇಲೆ ನಾನು ಇನ್ನೊಂದು ಪರೀಕ್ಷೆ ಮಾಡುತ್ತೇನೆ. ಯಾವ ಗುರುತಿಗಿಂತಲೂ ಇದನ್ನೇ ಜಾಸ್ತಿ ನಂಬುತ್ತೇನೆ. ಇನ್ನೊಂದು ಸುತ್ತು ತಿರುಗಿಸಿ ಎಕ್ಸಾಸ್ಟ್ ಕೊನೆಯ ಟಿಗೆ ತಾ. ಇಲ್ಲಿ ಎಕ್ಸಾಸ್ಟ್ ವಾಲ್ವ್ ಮುಚ್ಚುತ್ತಾ ಇರುತ್ತದೆ, ಇನ್ಲೆಟ್ ತೆರೆಯಲು ಹೊರಟಿರುತ್ತದೆ. ಎರಡೂ ಟ್ಯಾಪೆಟ್ ಮೇಲೆ ಒಂದೊಂದು ಬೆರಳಿಡು. ಎರಡರಲ್ಲೂ ಆಟ ಇರುವುದಿಲ್ಲ, ಇದ್ದರೂ ತೀರಾ ಕಮ್ಮಿ. ಕ್ರ್ಯಾಂಕನ್ನು ಟಿಯಿಂದ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸು. ಒಂದು ರಾಕರ್ ಏಳುವಾಗ ಇನ್ನೊಂದು ಇಳಿಯಬೇಕು, ತಕ್ಕಡಿಯ ಎರಡು ತಟ್ಟೆಯ ಹಾಗೆ. ಟಿಯಲ್ಲಿ ನಿಂತಾಗ ಒಂದು ವಾಲ್ವ್ ಮಾತ್ರ ಚೆನ್ನಾಗಿ ತೆರೆದುಕೊಂಡಿದೆ ಅಂದರೆ ಹಲ್ಲು ತಪ್ಪಿದೆ. ಡೂಪ್ಲಿಕೇಟ್ ಗೇರ್‌ನಲ್ಲಿ ಗುರುತು ಸುಳ್ಳಿರಬಹುದು. ಮ್ಯಾಗ್ನೆಟ್ ಅನ್ನು ಜಾಗದಲ್ಲಿ ಹಿಡಿದಿಡುವ ಕೀ ತುಂಡಾಗಿ ಗೆರೆಯೇ ಜಾಗ ಬಿಟ್ಟಿರಬಹುದು. ವಾಲ್ವ್ ಸುಳ್ಳು ಹೇಳುವುದಿಲ್ಲ.

ನೀನು ಈಗಾಗಲೇ ಕಿಕ್ ಹೊಡೆದಿದ್ದೀಯ. ವಾಲ್ವ್ ಬಗ್ಗಿದೆಯಾ ಅಂತ ನೋಡಬೇಕು. ಕಂಪ್ರೆಷನ್ ಟಾಪ್‌ನಲ್ಲಿ ಎರಡೂ ಟ್ಯಾಪೆಟ್ ಗ್ಯಾಪ್ ಅಳೆ. ಒಂದರಲ್ಲಿ ಗ್ಯಾಪ್ ಇದ್ದಕ್ಕಿದ್ದಂತೆ ದೊಡ್ಡದಾಗಿದ್ದರೆ ಆ ವಾಲ್ವ್ ಪೂರ್ತಿ ಮುಚ್ಚುತ್ತಿಲ್ಲ, ಬಗ್ಗಿ ಅರ್ಧ ತೆರೆದೇ ನಿಂತಿದೆ. ಹೆಡ್ ಇಳಿಸಿ, ಮಗುಚಿ ಇಟ್ಟು, ವಾಲ್ವ್ ಸುತ್ತ ಸೀಮೆಎಣ್ಣೆ ತುಂಬಿಸಿ ಹತ್ತು ನಿಮಿಷ ಕಾಯಿ. ವಾಲ್ವ್ ಹಿಂದಿನ ದಾರಿ, ಅಂದರೆ ಪೋರ್ಟ್ ಒಳಗೆ ತೇವ ಬಂದರೆ ವಾಲ್ವ್ ಬದಲಿಸಬೇಕು, ಸೀಟ್ ಗ್ರೈಂಡ್ ಮಾಡಿಸಬೇಕು. ಒಂದೇ ಹಲ್ಲಿನ ತಪ್ಪಿಗೆ ಈ ಚಿಕ್ಕ ಎಂಜಿನ್‌ನಲ್ಲಿ ವಾಲ್ವ್ ಉಳಿದಿರುವ ಸಾಧ್ಯತೆಯೇ ಜಾಸ್ತಿ. ಧೈರ್ಯವಾಗಿರು.

ಪ್ರಶ್ನೆ: ನಮ್ಮ ಸ್ಕೂಟರ್‌ಗೆ ಆರು ವರ್ಷ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಳಗೆ ಕಟಕಟ ಸದ್ದು. ಮನೆ ಹತ್ತಿರದ ಮೆಕ್ಯಾನಿಕ್ ನೋಡಿದ ಕೂಡಲೇ ಟೈಮಿಂಗ್ ಚೈನ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದರು. ನಿಜವೇ?
ಓದುಗರೊಬ್ಬರು, ಮಾಟುಂಗಾ, ಮುಂಬೈ

ಉತ್ತರ: ಅಕ್ಕಾ, ಬಿಚ್ಚುವ ಮುಂಚೆ ಎರಡು ನಿಮಿಷ ಕಿವಿ ಕೊಡಿ. ಟ್ಯಾಪೆಟ್ ಸದ್ದು ಹೊಲಿಗೆ ಯಂತ್ರದ ಹಾಗೆ ಸಮನಾಗಿ ಟಿಕ್ ಟಿಕ್ ಅನ್ನುತ್ತದೆ, ಎಂಜಿನ್ ವೇಗ ಏರಿದಂತೆ ಅದೂ ಏರುತ್ತದೆ. ಚೈನ್ ಸದ್ದಿಗೆ ಲಯ ಇಲ್ಲ, ಗರಗರ ಅನ್ನುತ್ತದೆ. ತಣ್ಣಗಿದ್ದಾಗ ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡು, ಇಲ್ಲವೇ ಎಕ್ಸಲರೇಟರ್ ಬಿಟ್ಟ ಕೂಡಲೇ ಜಾಸ್ತಿ ಕೇಳುತ್ತದೆ.

ಮೊದಲು ಆಯಿಲ್ ಮಟ್ಟ ನೋಡಿಸಿ. ಆಯಿಲ್ ಕಮ್ಮಿ ಇದ್ದರೆ ಎರಡೂ ಸದ್ದು ಬರುತ್ತವೆ. ಆಮೇಲೆ ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್‌ನಲ್ಲಿ ಟ್ಯಾಪೆಟ್ ಸೆಟ್ ಮಾಡಿಸಿ, ಕೈಪಿಡಿಯಲ್ಲಿರುವ ಅಂಕಿಗೆ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಹಾಕಿಯೇ. ಸದ್ದೇ ಬರಬಾರದು ಅಂತ ಬಿಗಿ ಮಾಡಿಸಬೇಡಿ. ಬಿಗಿ ಟ್ಯಾಪೆಟ್ ಸದ್ದು ಮಾಡುವುದಿಲ್ಲ, ವಾಲ್ವ್ ಸುಡುತ್ತದೆ. ವಾಲ್ವ್‌ನ ಬಿಸಿ ಇಳಿಯುವುದು ಅದು ಸೀಟಿನ ಮೇಲೆ ಕೂತಾಗ. ಕೂರಲು ಬಿಡದಿದ್ದರೆ ಬಿಸಿ ಎಲ್ಲಿಗೆ ಹೋಗಬೇಕು? ಇಷ್ಟಾದ ಮೇಲೂ ಗರಗರ ಉಳಿದರೆ ಟೆನ್ಷನರ್ ಬದಲಿಸಿ ನೋಡಿ. ಅದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ. ಚೈನ್ ಸರದಿ ಕೊನೆಗೆ.

ಪ್ರಶ್ನೆ: ನನ್ನ ಹತ್ತಿರ ಬೀಡು ಕಬ್ಬಿಣದ ಹಳೇ ಎಂಜಿನ್ನಿನ ಬುಲೆಟ್ 350 ಇದೆ. ಬಲಗಡೆ ಟೈಮಿಂಗ್ ಕವರ್ ತೆಗೆದೆ. ಗೇರ್‌ಗಳ ಮೇಲೆ ಚುಕ್ಕೆಯೂ ಇದೆ, ಗೀಟೂ ಇದೆ. ಯಾವುದಕ್ಕೆ ಯಾವುದು? ಕ್ರ್ಯಾಂಕ್ ಮೇಲಿನ ಚಿಕ್ಕ ಗೇರ್‌ನ ನಟ್ ಎಷ್ಟು ಜೋರು ಹಾಕಿದರೂ ಬಿಚ್ಚುತ್ತಿಲ್ಲ. ಒಮ್ಮೆ ಚುಕ್ಕೆ ಕೂಡಿಸಿ ಒಂದು ಸುತ್ತು ತಿರುಗಿಸಿದರೆ ಮತ್ತೆ ಕೂಡುವುದಿಲ್ಲ.
ಓದುಗರೊಬ್ಬರು, ವಾಸ್ಕೋ, ಗೋವಾ

ಉತ್ತರ: ಆ ನಟ್‌ಗೆ ಜೋರು ಹಾಕುವುದನ್ನು ಈಗಲೇ ನಿಲ್ಲಿಸಿ. ಅದು ಉಲ್ಟಾ ಆಟೆ, ಅಂದರೆ ಉಲ್ಟಾ ಥ್ರೆಡ್. ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಆಯಿಲ್ ಪಂಪನ್ನು ತಿರುಗಿಸುವ ಸುರುಳಿ ಹಲ್ಲು ಕೂಡ ಅದರ ಮೇಲೇ ಇದೆ, ಅದನ್ನು ಕೆಡಿಸಿಕೊಂಡರೆ ಆಯಿಲ್ ಹೋಗುವುದಿಲ್ಲ.

ನಿಮ್ಮ ಎಂಜಿನ್‌ನಲ್ಲಿ ಕ್ಯಾಮ್ ಎರಡು, ಚೈನ್ ಇಲ್ಲ. ಕ್ರ್ಯಾಂಕ್‌ನ ಚಿಕ್ಕ ಗೇರ್ ಇನ್ಲೆಟ್ ಕ್ಯಾಮ್ ತಿರುಗಿಸುತ್ತದೆ, ಇನ್ಲೆಟ್ ಕ್ಯಾಮ್ ಎಕ್ಸಾಸ್ಟ್ ಕ್ಯಾಮ್ ತಿರುಗಿಸುತ್ತದೆ. ಚಿಕ್ಕ ಗೇರ್‌ನ ಚುಕ್ಕೆಗೆ ಇನ್ಲೆಟ್‌ನ ಚುಕ್ಕೆ, ಇನ್ಲೆಟ್‌ನ ಗೀಟಿಗೆ ಎಕ್ಸಾಸ್ಟ್‌ನ ಗೀಟು. ಒಂದು ಸುತ್ತಿಗೆ ಕೂಡದಿರುವುದೇ ಸರಿ, ಕ್ಯಾಮ್ ಆಗ ಅರ್ಧ ದಾರಿಯಲ್ಲಿರುತ್ತದೆ. ಎರಡು ಸುತ್ತು ತಿರುಗಿಸಿ, ಎಲ್ಲ ಗುರುತೂ ಎದುರುಬದುರು ಬರುತ್ತವೆ.

ಒಂದು ವಿಷಯದಲ್ಲಿ ನಿಮ್ಮ ಗಾಡಿ ಮೇಲಿನ ತಮ್ಮನ ಸ್ಪ್ಲೆಂಡರ್‌ಗಿಂತ ಬೇರೆ. ಪಾಯಿಂಟ್ (ತೆರೆದಾಗ ಕಿಡಿ ಹಾರಿಸುವ ಸ್ವಿಚ್) ಇರುವ ಬುಲೆಟ್‌ನಲ್ಲಿ ಅದನ್ನು ತೆರೆಯುವ ಭಾಗ ತಿರುಗುವುದು ಕ್ಯಾಮ್ ವೇಗದಲ್ಲಿ, ಎರಡು ಸುತ್ತಿಗೆ ಒಂದೇ ಕಿಡಿ. ಹಾಗಾಗಿ ಇಲ್ಲಿ ಕಂಪ್ರೆಷನ್ ಟಾಪ್ ಯಾವುದು ಅನ್ನುವುದು ನಿಜಕ್ಕೂ ಮುಖ್ಯ. ಕ್ಯಾಮ್ ಕೂಡಿಸಿದ ಮೇಲೆ, ಎರಡೂ ಪುಶ್‌ರಾಡ್ (ಕ್ಯಾಮ್‌ನ ತಳ್ಳನ್ನು ರಾಕರ್‌ಗೆ ಒಯ್ಯುವ ಕಡ್ಡಿ) ಸಡಿಲಾಗಿರುವ ಟಾಪ್ ಹುಡುಕಿ. ಅಲ್ಲಿಂದ ಪಿಸ್ಟನ್ 0.8 ಮಿಲಿಮೀಟರ್ ಕೆಳಗಿರುವಾಗ, ಅಂದರೆ ಟಾಪ್‌ಗೆ ಬರುವ ಮುಂಚೆ, ಪಾಯಿಂಟ್ ಆಗತಾನೇ ತೆರೆಯಬೇಕು. ಕಿಡಿಯನ್ನು ಇನ್ನೂ ಮುಂಚೆ ತರುವ ಅಡ್ವಾನ್ಸ್ ಪೂರ್ತಿ ಹಿಂದೆ ಇರಲಿ. ಪುಶ್‌ರಾಡ್‌ಗಳನ್ನು ಎಂಜಿನ್ ತಣ್ಣಗಿರುವಾಗ ಸೆಟ್ ಮಾಡಿ. ಬೆರಳಲ್ಲಿ ಹಿಡಿದು ತಿರುಗಿಸಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಟ ಇರಬಾರದು.

ಪ್ರಶ್ನೆ: ಹೆಡ್ ಗ್ಯಾಸ್ಕೆಟ್ ಸೋರುತ್ತಿತ್ತು ಅಂತ ಲೇತ್‌ನವರ ಹತ್ತಿರ ಹೆಡ್‌ನ ತಳವನ್ನು ಅರ್ಧ ಮಿಲಿಮೀಟರ್ ಸವೆಸಿ ತೆಗೆಸಿದೆ. ಅದರಿಂದ ಕ್ಯಾಮ್ ಟೈಮಿಂಗ್ ಬದಲಾಗುತ್ತದೆ ಅಂತ ಗೆಳೆಯ ಹೇಳುತ್ತಾನೆ. ಹೌದಾ?
ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಗೆಳೆಯ ಹೇಳಿದ್ದು ಸರಿ. ಹೆಡ್ ಕೆಳಗಿಳಿದರೆ ಕ್ಯಾಮ್ ಕ್ರ್ಯಾಂಕ್‌ಗೆ ಹತ್ತಿರವಾಗುತ್ತದೆ. ಚೈನ್ ಉದ್ದ ಅಷ್ಟೇ ಇದೆ. ಉಳಿದ ಸಡಿಲನ್ನು ಟೆನ್ಷನರ್ ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಕ್ಯಾಮ್ ಸ್ವಲ್ಪ ಹಿಂದೆ ಬೀಳುತ್ತದೆ. ಎಷ್ಟು? 32 ಹಲ್ಲಿನ ಗೇರ್, 6.35 ಮಿಲಿಮೀಟರ್ ಪಿಚ್‌ನ (ಕೊಂಡಿಯಿಂದ ಕೊಂಡಿಗೆ ಇರುವ ಅಂತರ) ಚೈನ್ ಅಂತ ಹಿಡಿದರೆ ಗೇರ್‌ನ ತ್ರಿಜ್ಯ ಸುಮಾರು 32 ಮಿಲಿಮೀಟರ್. ಅರ್ಧ ಮಿಲಿಮೀಟರ್‌ಗೆ ಕ್ಯಾಮ್ ಸುಮಾರು 0.9 ಡಿಗ್ರಿ, ಕ್ರ್ಯಾಂಕ್ ಲೆಕ್ಕದಲ್ಲಿ 1.8 ಡಿಗ್ರಿ ಹಿಂದೆ. ದಿನಾ ಓಡಿಸುವ ಗಾಡಿಗೆ ಇದು ಗೊತ್ತೇ ಆಗುವುದಿಲ್ಲ. ಸವೆದು ಉದ್ದವಾದ ಚೈನ್ ಕೂಡ ಕ್ಯಾಮನ್ನು ಇದೇ ಕಡೆಗೆ ತಳ್ಳುತ್ತದೆ. ಹಾಗಾಗಿ ಚೈನ್ ಹಳೆಯದಿದ್ದರೆ ಈ ಸಲವೇ ಬದಲಿಸಿ, ಎರಡು ತಪ್ಪು ಸೇರಿ ಒಂದಾಗುವುದು ಬೇಡ.

ನನಗೆ ಚಿಂತೆ ಬೇರೆಯದು. ವಾಲ್ವ್ ಈಗ ಪಿಸ್ಟನ್‌ಗೆ ಅರ್ಧ ಮಿಲಿಮೀಟರ್ ಹತ್ತಿರ ಬಂದಿದೆ. ಮುಚ್ಚುವ ಮುಂಚೆ ಅಳೆದು ನೋಡಿ. ಚಪಾತಿ ಹಿಟ್ಟು ಸ್ವಲ್ಪ ಗಟ್ಟಿ ಕಲಸಿ, ಎರಡು ಚಿಕ್ಕ ಬಿಲ್ಲೆ ಮಾಡಿ, ಪಿಸ್ಟನ್ ಮೇಲೆ ವಾಲ್ವ್ ಬರುವ ಜಾಗದಲ್ಲಿ ಇಡಿ. ಮೇಲೆ ಒಂದು ಹನಿ ಎಣ್ಣೆ, ವಾಲ್ವ್‌ಗೆ ಅಂಟಬಾರದು. ಹಳೇ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿ ಮಾಡಿ, ಟೈಮಿಂಗ್ ಕೂಡಿಸಿ, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿ. ವಾಲ್ವ್‌ನ ಅಚ್ಚು ಹಿಟ್ಟಿನಲ್ಲಿ ಬಿದ್ದಿರುತ್ತದೆ. ಬ್ಲೇಡ್‌ನಿಂದ ಅದರ ಮಧ್ಯಕ್ಕೆ ಕೊಯ್ದು ಅತಿ ತೆಳುವಾದ ಜಾಗದ ದಪ್ಪ ಅಳೆಯಿರಿ. ಹಿಟ್ಟು ತೂತಾಗಿ ಪಿಸ್ಟನ್ ಕಾಣುತ್ತಿದ್ದರೆ ಆ ಹೆಡ್ ಹಾಕಬೇಡಿ, ದಪ್ಪ ಗ್ಯಾಸ್ಕೆಟ್ ಹುಡುಕಿ.

ಪ್ರಶ್ನೆ: ಮೈಸೂರಿನಲ್ಲಿದ್ದಾಗ ಕೊಂಡ ಯೆಜ್ಡಿ ಇನ್ನೂ ಇಟ್ಟುಕೊಂಡಿದ್ದೇನೆ. ಎಂಜಿನ್ ಕೆಲಸ ಮಾಡಿಸಬೇಕು. ಇದರ ಕ್ಯಾಮ್ ಟೈಮಿಂಗ್ ಯಾರಿಗೆ ಬರುತ್ತದೆ?
ಹಿರಿಯ ಓದುಗರೊಬ್ಬರು, ಡೊಂಬಿವಲಿ

ಉತ್ತರ: ಸರ್, ಆ ಚಿಂತೆ ನಿಮಗೆ ಬೇಡ. ನಿಮ್ಮ ಯೆಜ್ಡಿ ಟೂ ಸ್ಟ್ರೋಕ್. ಅದರಲ್ಲಿ ಕ್ಯಾಮ್ ಇಲ್ಲ, ವಾಲ್ವ್ ಇಲ್ಲ, ಟೈಮಿಂಗ್ ಚೈನೂ ಇಲ್ಲ. ಬ್ಲಾಕ್‌ನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಸೆಟ್ ಮಾಡಬೇಕಾದದ್ದು ಕಿಡಿಯ ಟೈಮಿಂಗ್ ಒಂದೇ. ಪಿಸ್ಟನ್ ಹಾಕುವಾಗ ಅದರ ಮೇಲಿನ ಬಾಣದ ಗುರುತು ಎಕ್ಸಾಸ್ಟ್ ಕಡೆಗೆ ಇರಲಿ ಅಂತ ಮೆಕ್ಯಾನಿಕ್‌ಗೆ ನೆನಪಿಸಿ. ಮೈಸೂರಿನ ಕಾರ್ಖಾನೆ 1996ರಲ್ಲಿ ನಿಂತಿತು. ನಿಮ್ಮ ಎಂಜಿನ್ನಿನ ಹಳೇ ಭಾಗ ಯಾವುದನ್ನೂ ಎಸೆಯಲು ಬಿಡಬೇಡಿ, ಒಂದು ಡಬ್ಬಿಯಲ್ಲಿ ಹಾಕಿ ಮನೆಗೆ ತನ್ನಿ.

ಚಿಂಚ್ವಡದ ತಮ್ಮನಿಗೆ ಒಂದು ಮಾತು ಬಿಟ್ಟುಹೋಗಿತ್ತು. ಟ್ಯಾಪೆಟ್ ಮುಚ್ಚಳ ಹಾಕುವ ಮುಂಚೆ ಕ್ಯಾಮ್‌ನ ಉಬ್ಬುಗಳ ಮೇಲೆ, ರಾಕರ್ ಕೆಳಗೆ ಎಂಜಿನ್ ಆಯಿಲ್ ಸುರಿ, ಚೈನಿಗೂ ಹಚ್ಚು. ಹೊಸದಾಗಿ ಕೂಡಿಸಿದ ಎಂಜಿನ್‌ನಲ್ಲಿ ಆಯಿಲ್ ಮೇಲೆ ಬರಲು ಸ್ವಲ್ಪ ಹೊತ್ತು ಬೇಕು, ಅಲ್ಲಿಯವರೆಗೆ ಕ್ಯಾಮ್ ಒಣಗಿರಬಾರದು. ಪ್ಲಗ್ ಹಾಕದೆ ಇಪ್ಪತ್ತು ಸಲ ಮೆಲ್ಲಗೆ ಕಿಕ್ ಒತ್ತಿ, ಆಮೇಲೆ ಪ್ಲಗ್ ಹಾಕು. ಸ್ಟಾರ್ಟ್ ಆದರೆ ಒಂದು ಸಾಲು ಬರೆದು ತಿಳಿಸು. ಅಪ್ಪನಿಗೆ ನನ್ನ ನಮಸ್ಕಾರ ಹೇಳು.